ಅಂಜಿಕೆ ಬರುವಂಥ ಒಂದು ಫೋಟೋ

ನೆಲ ಕುಸಿದ ಜಾಗದ ಫೋಟೋ ತೆಗೆಯುವುದು ಕಷ್ಟದ ಕೆಲಸ. ಬೆಂಕಿಗೆ ಹೊಗೆ ಇರುತ್ತದೆ, ನೆರೆಗೆ ನೀರು ಇರುತ್ತದೆ, ಅಪಘಾತವಾದರೆ ನುಜ್ಜಾದ ಗಾಡಿ ಇರುತ್ತದೆ. ತಗ್ಗಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ನಿನ್ನೆ ಇದ್ದದ್ದು ಇವತ್ತು ಇಲ್ಲ ಎನ್ನುವುದೇ ಅಲ್ಲಿಯ ಸುದ್ದಿ. ಮೇಲಿನಿಂದ ತೆಗೆದರೆ ಡಾಂಬರು ಚೆಲ್ಲಿದಂತೆ ಒಂದು ಕಪ್ಪು ಕಲೆ. ಫ್ಲ್ಯಾಶ್ ಹಾಕಿದರೆ ಆಳವೇ ಮಾಯವಾಗಿ, ಸಸಿ ನೆಡಲು ತೋಡಿದ ಗುಂಡಿಯಂತೆ ಕಾಣುತ್ತದೆ. ಅಂಚಿನಲ್ಲಿ ನಿಂತವನು ಎಷ್ಟು ಹೆಜ್ಜೆ ಹಿಂದೆ ಸರಿದ ಎಂಬುದು ಅದರಲ್ಲಿ ಬರುವುದಿಲ್ಲ.

ನಾನು ರೋಣದಲ್ಲಿದ್ದುಕೊಂಡು ಒಂದು ಜಿಲ್ಲಾ ಪತ್ರಿಕೆಗೆ ವರದಿ, ಫೋಟೋ ಎರಡನ್ನೂ ಕಳಿಸುತ್ತೇನೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ನಾನೇ ಓಡಾಡಬೇಕು. ಬರೆಯುವುದು ಕೆಲಸಕ್ಕೆ ಸೇರಿದ ಮೇಲೆ ಬಂತು. ಫೋಟೋ ತೆಗೆಯುವುದನ್ನು ಅದಕ್ಕೂ ಮೊದಲೇ ಗಜೇಂದ್ರಗಡದ ಒಂದು ಸ್ಟುಡಿಯೋದಲ್ಲಿ ಕಲಿತಿದ್ದೆ. ಆ ಸ್ಟುಡಿಯೋದ ಮಾಲೀಕರನ್ನು ಊರೆಲ್ಲ ಕಾಕಾ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಕಾಕಾ ತೆಗೆದ ಫೋಟೋದಲ್ಲಿ ಗೋಡೆಯ ಗೆರೆ ನೆಟ್ಟಗೆ ನಿಂತಿರುತ್ತದೆ, ಬಿಳಿ ಬಿಳಿಯಾಗಿಯೇ ಉಳಿದಿರುತ್ತದೆ, ಮದುಮಗಳ ಸೀರೆಯ ಜರಿಯ ಎಳೆ ಎಣಿಸಬಹುದು. ಅಲುಗಿದ ಫೋಟೋವನ್ನು ಅವರು ಗಿರಾಕಿಯ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ.

"ಫೋಟೋ ಅಂದ್ರ ಮೊದಲ ಕಾಣಬೇಕು," ಎನ್ನುವುದು ಅವರ ಮಾತು. "ಅನಿಸೂದು ಗಿನಿಸೂದು ಆಮ್ಯಾಲ."

ನಮ್ಮ ಪತ್ರಿಕೆಯ ಡೆಸ್ಕಿನವರ ಮಾತು ಬೇರೆ. "ನಿಮ್ಮ ಫೋಟೋ ಭಾಳ ಸ್ವಚ್ಛ ಇರ್ತಾವ್ರಿ. ಆದ್ರ ನೋಡಿದವರಿಗೆ ಏನೂ ಆಗೂದಿಲ್ಲ," ಎಂದು ಅವರು ಫೋನಿನಲ್ಲಿ ಹೇಳಿದ್ದು ಒಂದೆರಡು ಸಲವಲ್ಲ.

ಈ ಎರಡು ಮಾತಿನ ನಡುವೆ ವರ್ಷಗಟ್ಟಲೆ ಕೆಲಸ ಮಾಡಿಕೊಂಡು ಬಂದೆ. ಅದು ಒಂದು ಮನೆಯ ಜನರ ಜೀವಕ್ಕೆ ಸಂಬಂಧಪಟ್ಟ ವಿಷಯವಾಗಬಹುದೆಂದು ತಿಳಿದದ್ದು ನರಗುಂದದಲ್ಲಿ, ಅಕ್ಕನ ಮನೆಯ ನೆಲ ಸದ್ದು ಮಾಡತೊಡಗಿದ ಮೇಲೆ.

ನರಗುಂದದ ಹಳೆಯ ಓಣಿಗಳಲ್ಲಿ ಮೊದಲು ಜೋಳವನ್ನು ನೆಲದೊಳಗೆ ಕಾಯ್ದಿಡುತ್ತಿದ್ದರು. ಹಗೇವು ಎಂದರೆ ಅದೇ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ದೊಡ್ಡ ಗಡಿಗೆಯೊಂದನ್ನು ಹೂತಿಟ್ಟಂತೆ. ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲವಂತೆ. ಗೋದಾಮುಗಳು ಬಂದವು, ಪೇಟೆ ಹತ್ತಿರವಾಯಿತು, ಹಗೇವು ಬೇಡವಾದವು. ಕೆಲವರು ಮಣ್ಣು ತುಂಬಿದರು. ಕೆಲವರು ಬಾಯಿ ಮುಚ್ಚಿ, ಮೇಲೆ ಪರಸಿಕಲ್ಲು ಹಾಸಿ, ಅದರ ಮೇಲೆಯೇ ಒಲೆ ಹೂಡಿದರು, ಮಂಚ ಹಾಕಿದರು. ಎಲ್ಲಿ ಇತ್ತೆಂದು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋದರು. ಈಗ ಕೆಲವು ಮಳೆಗಾಲಗಳಿಂದ ಆ ಟೊಳ್ಳುಗಳು ಬಾಯಿ ಬಿಡುತ್ತಿವೆ. ನೆಲದೊಳಗಿನ ನೀರು ಮೇಲೆ ಬಂದಿದೆ ಎನ್ನುತ್ತಾರೆ ಕೆಲವರು. ಕಾಲುವೆಯ ಬಸಿನೀರು ಎನ್ನುತ್ತಾರೆ ಇನ್ನು ಕೆಲವರು. ಕಾರಣ ಇಂಥದ್ದೇ ಎಂದು ಬರೆಯುವಷ್ಟು ನನಗೆ ಗೊತ್ತಿಲ್ಲ. ಬಾಯಿ ಬಿಟ್ಟದ್ದನ್ನು ಮಾತ್ರ ನೋಡಿದ್ದೇನೆ.

ಆ ವರ್ಷದ ಶ್ರಾವಣದಲ್ಲಿ ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ ಒಂದು ಹಿತ್ತಲು ಬೆಳಗಿನ ಹೊತ್ತಿನಲ್ಲಿ ಕುಸಿಯಿತು. ಬಟ್ಟೆ ಒಗೆಯುವ ಕಲ್ಲು, ನೀರಿನ ಬ್ಯಾರಲ್, ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆ ಸಹಿತ ಕಂಬ, ಎಲ್ಲ ಕೆಳಗೆ ಹೋಗಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳು ಸಬಕಾರದ ಬಿಲ್ಲೆ ತರಲು ಒಳಗೆ ಹೋಗಿದ್ದಳು. ನಾನು ಹೋದಾಗ ಅವಳು ಹೊಸ್ತಿಲಲ್ಲಿ ಕುಳಿತಿದ್ದಳು, ಸಬಕಾರ ಇನ್ನೂ ಕೈಯಲ್ಲಿತ್ತು.

ನಾನು ಅವಳ ಫೋಟೋ ತೆಗೆಯಲಿಲ್ಲ. ತಗ್ಗಿನ ಫೋಟೋ ತೆಗೆದೆ. ಕಾಕಾ ಕಲಿಸಿದಂತೆ ಅಂಚಿಗೆ ಸಮನಾಗಿ ಕ್ಯಾಮೆರಾ ಹಿಡಿದು, ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಕೊಡ ಇಟ್ಟು, ನೆರಳಿನೊಳಗಿನ ಮಣ್ಣಿನ ಪದರ ಕಾಣುವಂತೆ ಬೆಳಕು ಹೊಂದಿಸಿದೆ. ಮರುದಿನ ಅದು ಒಳಪುಟದಲ್ಲಿ ಬೆರಳಗಲ ಬಂತು.

ಅಕ್ಕನ ಗಂಡ, ನಾನು ಮಾಮಾ ಎನ್ನುವವರು, ಕಾಳಿನ ವ್ಯಾಪಾರಸ್ಥರು. ಅವರಿಗೆ ಪತ್ರಿಕೆ ಓದುವ ಚಟ ಇದೆ, ನನ್ನನ್ನು ಕಾಡಿಸುವ ಚಟ ಅದಕ್ಕಿಂತ ಹೆಚ್ಚು. ಬೆಳಿಗ್ಗೆಯೇ ಫೋನ್ ಮಾಡಿದರು. "ಏನ್ರಿ ಪೇಪರ್ ಸಾಹೇಬ್ರ, ಇದೇನ ಹೊಸ ಭಾವಿ ತೋಡ್ಯಾರೇನು? ಕೊಡಾ ಬ್ಯಾರೆ ಇಟ್ಟೀರಿ. ನೀರ ಸೇದಾಕ ಹೋಗೂಣೇನು?"

ಅವರು ನಕ್ಕಾದ ಮೇಲೆ ಅಕ್ಕ ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದದ್ದು ಚಪ್ಪಲಿ ಸದ್ದಿನಿಂದ ತಿಳಿಯಿತು.

"ತಮ್ಮಾ, ನಮ್ಮ ನಡುಮನ್ಯಾಗೂ ಸಪ್ಪಳ ಬರಾಕತ್ತೈತಿ."

"ಎಂಥಾ ಸಪ್ಪಳ?"

"ತುಂಬಿದ ಕೊಡಾ ಇಳಿಸಿದ್ರ ದುಬ್ ಅಂತೈತಿ. ಮೊದಲ ಟಣ್ ಅಂತಿತ್ತು. ಹ್ವಾದ ವಾರ ನೆಲ ಒರಸೂ ಮುಂದ ಬಕೀಟ ಉರುಳಿ ನೀರ ಚೆಲ್ಲಿತು. ಒರಸಾಕ ಅರಿಬಿ ತರೂದ್ರಾಗ ನೀರ ಇಲ್ಲ. ಪರಸಿ ಸಂದ್ಯಾಗ ಇಳದ ಹೋಗೇತಿ."

"ಮಾಮಾಗ ಹೇಳಿದೇನು?"

"ಹೇಳೀನಿ. ನಿನ್ನ ಕಿವಿ ದವಾಖಾನಿಗೆ ತೋರಿಸೂಣು ಅಂದ್ರು. ಇನ್ನ ಎಂಟ ದಿನಕ್ಕ ಹೆಸರಕಾಳಿನ ಚೀಲ ಬರತಾವ ತಮ್ಮಾ. ಎಲ್ಲಾ ನಡುಮನ್ಯಾಗ ಒಟ್ಟಾಕ ಹೇಳ್ಯಾರ. ನನ್ನ ಮಗಳ ಮಂಚ ಅಲ್ಲೇ ಐತಿ."

ಆಮೇಲೆ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಹಾಗೆಯೇ ನೆನಪಿದೆ. "ನೀ ಪೇಪರಿನ್ಯಾಗ ಹಾಕೂದು ಬ್ಯಾಡ. ಅವರಿಗೆ ಅಂಜಿಕಿ ಬರೂವಂಥಾ ಒಂದ ಫೋಟೋ ತಗದು ತೋರಿಸು. ನೀ ಕಲತದ್ದು ಯಾವಾಗ ಉಪಯೋಗಕ್ಕ ಬರತೈತಿ?"

ಅಂಜಿಸಲೆಂದೇ ಫೋಟೋ ತೆಗೆಯುವುದು ನನ್ನ ರೂಢಿಯಲ್ಲ. ಇದ್ದದ್ದನ್ನು ಇದ್ದಂತೆ ತೆಗೆಯಬೇಕು, ಅಂಜಬೇಕಾದದ್ದಿದ್ದರೆ ನೋಡುವವರು ತಾವೇ ಅಂಜುತ್ತಾರೆ ಎಂದು ನಂಬಿದವನು ನಾನು. ಅಕ್ಕನಿಗೆ ಅಷ್ಟೆಲ್ಲ ಹೇಳಲಿಲ್ಲ. ಬರುತ್ತೇನೆ ಎಂದೆ.

ಅಸೂಟಿಯಲ್ಲಿ ಒಂದು ವರದಿ ಮುಗಿಸಿ, ರೋಣಕ್ಕೆ ಬಂದು, ಬೆಳವಣಕಿ ದಾಟಿ ಹೋಗುವ ಬಸ್ಸು ಹಿಡಿದೆ. ಎರಡೂ ಬದಿಯ ಎರೆಹೊಲ ಮಳೆಗೆ ಕಪ್ಪಾಗಿ ಉಬ್ಬಿತ್ತು. ಹೆಸರು ಬಿಡಿಸುವವರು ಸಾಲುಸಾಲಾಗಿ ಬಗ್ಗಿದ್ದರು. ದಿನಾ ನೋಡುವ ನೆಲವೇ. ಅವತ್ತು ಮಾತ್ರ ಅದರ ಕೆಳಗೆ ಏನಿದೆಯೋ ಎಂದು ಯೋಚಿಸುತ್ತ ಕುಳಿತೆ.

ಅಕ್ಕನ ಮನೆ ಹಳೆಯದು. ಪಡಸಾಲೆ, ಅದರ ಹಿಂದೆ ಕಟ್ಟಿಗೆಯ ಕಂಬಗಳ ನಡುಮನೆ, ಒಂದು ಬದಿಗೆ ಅಡುಗೆಮನೆ, ಇನ್ನೊಂದು ಬದಿಗೆ ದೇವರಮನೆ. ನಾನು ಒಳಗೆ ಹೋದಾಗ ಅಕ್ಕ ಚಹಾ ತಂದಳು. ನೇರವಾಗಿ ಬರಲಿಲ್ಲ. ಗೋಡೆಗೆ ಹತ್ತಿಕೊಂಡು, ಮೂಲೆ ತಿರುಗಿ, ಬಾಗಿಲ ಚೌಕಟ್ಟು ಹಿಡಿದು ಬಂದಳು. ಕಪ್ಪಿನಲ್ಲಿಯ ಚಹಾ ಅಲುಗಲಿಲ್ಲ. ಹಾಗೆ ನಡೆದು ಅವಳಿಗೆ ರೂಢಿಯಾಗಿತ್ತು. ಅವಳ ಮಗಳು, ಡಿಗ್ರಿ ಓದುವವಳು, ಮಂಚದ ಮೇಲೆ ಪುಸ್ತಕ ಹಿಡಿದು ಕುಳಿತಿದ್ದಳು. "ಅವ್ವ ನಮ್ಮನಿಯೊಳಗ ಹಗ್ಗದ ಮ್ಯಾಲ ನಡದಾಂಗ ನಡೀತಾಳ ನೋಡ್ರಿ," ಎಂದು ನನಗೆ ಹೇಳಿ ನಕ್ಕಳು. ನಗುವಾಗಲೂ ಕಾಲು ಮಂಚದ ಮೇಲೆಯೇ ಮಡಚಿಕೊಂಡಿದ್ದಳು.

ಅಕ್ಕನ ಅತ್ತೆ ದೇವರಮನೆಯ ಬಾಗಿಲಲ್ಲಿ ಮೊರದಲ್ಲಿ ಹೆಸರು ಹಸನು ಮಾಡುತ್ತಿದ್ದರು. ಈ ಮುದುಕಿಗೆ ಒಂದು ಹೆಮ್ಮೆ ಇತ್ತು. ಮದುವೆ, ಸೀಮಂತ, ಬೀಗರ ಊಟ, ಎಲ್ಲಿ ನಾಲ್ಕು ಜನ ಸೇರಿದರೂ "ನಮ್ಮ ಮನ್ಯಾಗ ಮೂರ ಹಗೇವ ಜ್ವಾಳ ಇರತಿತ್ತು" ಎಂಬ ಮಾತು ಬರದೆ ಊಟ ಮುಗಿಯುತ್ತಿರಲಿಲ್ಲ. ಆ ಕಾಲದಲ್ಲಿ ಹೆಣ್ಣು ಕೊಡುವವರು ಹೊಲಕ್ಕಿಂತ ಮೊದಲು ಹಗೇವು ಕೇಳುತ್ತಿದ್ದರಂತೆ. ನಾನು ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

"ಅತ್ತಿ, ನಿಮ್ಮ ಹಗೇವ ಎಲ್ಲಿ ಇದ್ದುವು?" ಎಂದು ಕೇಳಿದೆ.

ಮೊರ ನಿಲ್ಲಲಿಲ್ಲ. "ಹಿತ್ತಲದಾಗ."

"ಮೂರೂ?"

"ಮೂರೂ. ಯಾವಾಗೋ ಮಣ್ಣ ತುಂಬ್ಯಾರ. ಮನಿಯೊಳಗ ಯಾರ ಹಗೇವ ತಗೀತಾರ ತಮ್ಮಾ, ಮಂದಿ ಅಡ್ಡಾಡೂ ಜಾಗಾದಾಗ?"

ಅಕ್ಕ ನನ್ನ ಮುಖ ನೋಡಿದಳು. ನಾನು ಕಬ್ಬಿಣದ ಹಾರೆ ತರಿಸಿ ಹಿತ್ತಲಲ್ಲಿ ಬಡಿದು ನೋಡಿದೆ. ಎಲ್ಲ ಕಡೆ ಗಟ್ಟಿ ನೆಲದ ಸದ್ದು. ನಡುಮನೆಯಲ್ಲಿ ಬಡಿಯಲು, ಅಷ್ಟರಲ್ಲಿ ಅಂಗಡಿಯಿಂದ ಬಂದ ಮಾಮಾ ಬಿಡಲಿಲ್ಲ, ಪರಸಿ ಒಡೆಯುತ್ತದೆ ಎಂದರು. ಹಿತ್ತಲು ಗಟ್ಟಿ ಇರುವುದನ್ನು ನೋಡಿ ಅವರಿಗೆ ಸಮಾಧಾನವೇ ಆಗಿತ್ತು. ತಮ್ಮ ಅವ್ವ ಹೇಳಿದಂತೆ ತುಂಬಿದ್ದಾರೆ, ಮುಗಿಯಿತು ಎಂದರು.

ನನಗೆ ಉಳಿದದ್ದು ಫೋಟೋ. ನಡುಮನೆಯ ನೆಲದ ಮೇಲೆ ಎರಡು ಪರಸಿಗಳ ನಡುವೆ ಕೂದಲಷ್ಟು ಸಂದು ಬಿಟ್ಟಿತ್ತು. ಒಂದು ಕಲ್ಲು ಇನ್ನೊಂದಕ್ಕಿಂತ ಸ್ವಲ್ಪ ಇಳಿದಂತಿತ್ತು. ಅದು ನನ್ನ ಕ್ಯಾಮೆರಾಕ್ಕೆ ಸಿಗಲಿಲ್ಲ. ಬೆಳಕು ಕಡಿಮೆ, ನೆಲ ಕಪ್ಪು. ಆಗ ಕಾಕಾನ ನೆನಪಾಯಿತು. ಇಂಥದ್ದು ತೆಗೆಯಬಲ್ಲವರು ಈ ಸುತ್ತಿನಲ್ಲಿ ಅವರೊಬ್ಬರೇ.

ಕಾಕಾ ಮುಂದಿನ ವಾರ ಟ್ರೈಪಾಡು, ಎರಡು ಲೈಟು, ಬಿಳಿ ಛತ್ರಿ ಹೊತ್ತುಕೊಂಡು ಬಂದರು. ಲಕ್ಕಲಕಟ್ಟಿಯಲ್ಲಿ ಒಂದು ಮದುವೆಯ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದರು. ಅದನ್ನು ಬಂದ ಕೂಡಲೇ ಹೇಳಿದರು, ಹೋಗುವಾಗಲೂ ಹೇಳಿದರು. ಮಾಮಾಗೆ ಇದೆಲ್ಲ ತಮಾಷೆ. "ನೆಲದ ಫೋಟೋಕ್ಕ ಇಷ್ಟ ಸಾಮಾನೇನ್ರಿ? ನಮ್ಮ ಲಗ್ನಕ್ಕೂ ಇಷ್ಟ ತಂದಿದ್ದಿಲ್ಲ ನೀವು."

"ನಿಮ್ಮ ಲಗ್ನದಾಗ ನೀವು ಅಲುಗ್ಯಾಡಾಕ ಹತ್ತಿದ್ರಿ. ನೆಲಾ ಸುಮ್ಮ ಇರತೈತಿ," ಎಂದರು ಕಾಕಾ.

ಆ ಮಾತು ಕೇಳಿ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಕಣ್ಣು ಮುಚ್ಚಿದ್ದನ್ನು ನಾನು ಕಂಡೆ.

ಕಾಕಾ ಟ್ರೈಪಾಡಿನ ಮೂರು ಕಾಲುಗಳನ್ನು ಆ ಸಂದಿನ ಸುತ್ತಲೂ ಊರಿದರು. ಅದರ ಮೇಲಿನ ಮಟ್ಟಗಾಜಿನ ಗುಳ್ಳೆ ನಡುವೆ ನಿಲ್ಲುವಂತೆ ಸರಿಮಾಡಿದರು. ಲೈಟುಗಳನ್ನು ಎರಡೂ ಬದಿಗೆ ನಿಲ್ಲಿಸಿದರು. ಹುಡುಗಿ ಮಂಚದ ಮೇಲಿಂದ, ಮುದುಕಿ ದೇವರಮನೆಯ ಬಾಗಿಲಲ್ಲಿ ಮೊರ ಹಿಡಿದು ನೋಡುತ್ತಿದ್ದರು. ನಾನು, ಕಾಕಾ, ಮಾಮಾ ಮೂವರೂ ನಡುಮನೆಯ ನಟ್ಟನಡುವೆ ನಿಂತಿದ್ದೆವು. ಅಲ್ಲಿ ನಿಲ್ಲಬಾರದು ಎಂದು ನನಗೆ ಗೊತ್ತಿತ್ತು. ಆದರೆ ಕಾಕಾ ಕೆಲಸ ಮಾಡುವಾಗ ಪಕ್ಕದಿಂದ ಸರಿದು ಹೋಗುವುದು ನನಗೆ ಕಲಿಸಿದ ಶಿಸ್ತಲ್ಲ. ಅಂಗಾಲು ತಣ್ಣಗಾಗಿತ್ತು. ಪರಸಿಯೇ ತಣ್ಣಗಿತ್ತೋ ನನಗೇ ಹಾಗೆ ಅನಿಸಿತೋ ಹೇಳಲಾರೆ.

ಫೋಟೋ ಬಂತು. ಕಾಕಾ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ತೋರಿಸಿದರು. ಒಂದೂ ತಪ್ಪಿಲ್ಲ. ಪ್ರತಿ ಪರಸಿಯ ಅಂಚು, ಕಲ್ಲಿನೊಳಗಿನ ಬೂದು ಗೆರೆ, ಸಂದಿನ ಮಣ್ಣಿನ ಹರಳು, ಎಲ್ಲ ಇದ್ದವು. ಎರಡೂ ಕಡೆಯ ಬೆಳಕಿಗೆ ನೆರಳು ಸತ್ತು, ಇಳಿದಿದ್ದ ಕಲ್ಲು ಸಮನಾಗಿ ಕಾಣುತ್ತಿತ್ತು. ನೆಲ ಹೊಸದಾಗಿ ಹಾಸಿದಂತೆ ಹೊಳೆಯುತ್ತಿತ್ತು.

ಮಾಮಾ ಬಗ್ಗಿ ನೋಡಿದರು. "ಭಾಳ ಚಲೋ ಬಂದೈತ್ರಿ. ಮನಿ ಮಾರೂದಾದ್ರ ಇದನ್ನ ಹಾಕಬಹುದು."

ಕಾಕಾ ನಕ್ಕರು, ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅವಳು ನನ್ನ ಕಡೆ ನೋಡಿದ ರೀತಿಗೆ ನಾನು ತಿರುಗಿ ನನ್ನ ಮೊಬೈಲು ತೆಗೆದು ಕ್ಯಾಮೆರಾ ತೆರೆದೆ. ಏನಾದರೂ ಮಾಡುತ್ತಿದ್ದೇನೆ ಎಂದು ತೋರಿಸಿಕೊಳ್ಳುವುದಕ್ಕೆ ಇರಬೇಕು.

ಆಗ ಹೊರಗೆ ಗಾಡಿ ನಿಂತ ಸದ್ದಾಯಿತು. ಮೊದಲ ಹೆಸರಿನ ಚೀಲಗಳು ಬಂದಿದ್ದವು. ಹಮಾಲ ಒಂದು ಚೀಲ ಬೆನ್ನ ಮೇಲೆ ಹೊತ್ತು ಪಡಸಾಲೆಯಲ್ಲಿ ಬಂದು ನಿಂತು, ಲೈಟು ನೋಡಿ, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿದ.

"ಬಾ ಬಾ," ಎಂದರು ಮಾಮಾ. "ಫೋಟೋದವರ ಮುಂದನ ಇಳಸು. ಏನ ಆಗತೈತಿ ಎಲ್ಲಾರೂ ನೋಡೂಣು."

"ಬ್ಯಾಡ್ರಿ," ಎಂದಳು ಅಕ್ಕ. ಅಷ್ಟರಲ್ಲಿ ಹಮಾಲ ಮಂಚದ ಪಕ್ಕಕ್ಕೆ ಬಂದು ಬೆನ್ನು ವಾಲಿಸಿ ಚೀಲ ಕೆಡವಿದ.

ಸದ್ದು ದೊಡ್ಡದಲ್ಲ. ದುಬ್ ಎಂದಿತು, ಆಮೇಲೆ ಅದೇ ಸದ್ದು ಕೆಳಗಿನಿಂದ ಇನ್ನೊಮ್ಮೆ ಬಂತು, ತಡವಾಗಿ, ಖಾಲಿ ಮನೆಯೊಳಗೆ ಯಾರೋ ಬಾಗಿಲು ಹಾಕಿದಂತೆ. ಲೈಟಿನ ಛತ್ರಿ ನಡುಗಿತು. ನನ್ನ ಬೆರಳು ಪರದೆಯ ಮೇಲೆ ಇತ್ತು, ಒತ್ತಿತು. ನಾನು ಏನನ್ನೂ ಗುರಿ ಹಿಡಿದಿರಲಿಲ್ಲ.

ಹಮಾಲ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಮಾಮಾ, "ನೋಡ್ರಿ, ಏನೂ ಆಗಲಿಲ್ಲ," ಎಂದರು. ಧ್ವನಿ ಸ್ವಲ್ಪ ಸಣ್ಣದಾಗಿತ್ತು. ಉಳಿದ ಚೀಲಗಳನ್ನು ಪಡಸಾಲೆಯಲ್ಲಿಯೇ ಒಟ್ಟಿ ಹೋಗು, ಸಂಜೆ ಒಳಗೆ ಸಾಗಿಸೋಣ ಎಂದು ಹಮಾಲನಿಗೆ ಹೇಳಿ ಅಂಗಡಿಗೆ ಹೋದರು. ಕಾಕಾ ಸಾಮಾನು ಕಟ್ಟತೊಡಗಿದರು. ಅಕ್ಕನ ಅತ್ತೆ ನೆಲದ ಮೇಲೆ ಚೆಲ್ಲಿದ ಹೆಸರನ್ನು ಒಂದೊಂದಾಗಿ ಆರಿಸುತ್ತಿದ್ದರು.

ಊಟಕ್ಕೆ ಕುಳಿತಾಗ ಮೊಬೈಲಿನಲ್ಲಿ ಬಂದದ್ದನ್ನು ನೋಡಿದೆ. ಅದನ್ನು ಫೋಟೋ ಎನ್ನುವಂತಿರಲಿಲ್ಲ. ಇಡೀ ಚಿತ್ರ ಓರೆಯಾಗಿತ್ತು. ಅರ್ಧ ಜಾಗವನ್ನು ಹಮಾಲನ ಬೆನ್ನು ತುಂಬಿತ್ತು, ಅದೂ ಅಲುಗಿತ್ತು. ಒಂದು ಮೂಲೆಯಲ್ಲಿ ಲೈಟು ಬಿಳಿಯಾಗಿ ಸುಟ್ಟುಹೋಗಿತ್ತು. ಕಾಕಾ ಪಕ್ಕದಿಂದ ಇಣುಕಿ, "ಅಳಸು ಅದನ್ನ, ಜಾಗಾ ತಿಂತೈತಿ," ಎಂದರು. ಅಳಿಸಲು ಬೆರಳಿಟ್ಟಿದ್ದೆ. ರೊಟ್ಟಿ ಹಾಕಲು ಬಗ್ಗಿದ ಅಕ್ಕ, "ತಡಿ," ಎಂದಳು.

ರೊಟ್ಟಿಯ ಬುಟ್ಟಿ ಕೆಳಗಿಟ್ಟು ಮೊಬೈಲು ತೆಗೆದುಕೊಂಡಳು. ತುಂಬ ಹೊತ್ತು ನೋಡಿದಳು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಅತ್ತಿ ಎಲ್ಲಿ ನೋಡಾಕತ್ತಾರ ನೋಡು," ಎಂದಳು.

ಬೆನ್ನಿನ ಪಕ್ಕದಲ್ಲಿ, ಹಿಂದೆ, ಮುದುಕಿಯ ಮುಖವಿತ್ತು. ಪೂರ್ತಿ ಸ್ಪಷ್ಟವಿರಲಿಲ್ಲ. ಮೊರ ಕೈಯಿಂದ ಜಾರಿ ಹೆಸರು ಹಸಿರು ಗೆರೆಗಳಾಗಿ ಚಿಮ್ಮಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಎದ್ದು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋದಂತಿತ್ತು. ಅಷ್ಟು ಅಂಜಿದ ಮುಖವನ್ನು ನಾನು ಬೆಂಕಿ ಬಿದ್ದ ಮನೆಗಳ ಮುಂದೆಯೂ ನೋಡಿಲ್ಲ. ಆದರೆ ಅಕ್ಕ ತೋರಿಸಿದ್ದು ಅದನ್ನಲ್ಲ. ಮಾಮಾ ಚೀಲ ನೋಡುತ್ತಿದ್ದರು. ಕಾಕಾ ಚೀಲ ನೋಡುತ್ತಿದ್ದರು. ಮಂಚದ ಮೇಲಿನ ಹುಡುಗಿಯೂ ಚೀಲವನ್ನೇ ನೋಡುತ್ತಿದ್ದಳು. ಮುದುಕಿಯ ಕಣ್ಣು ಚೀಲದ ಕಡೆ ಇರಲೇ ಇಲ್ಲ. ಅವು ಈಚೆಗೆ, ದೇವರಮನೆಯ ಎದುರಿನ ಕಂಬದ ಬುಡಕ್ಕೆ ನೆಟ್ಟಿದ್ದವು. ಅಲ್ಲಿ ಏನೂ ಬಿದ್ದಿರಲಿಲ್ಲ.

ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

ಸಂಜೆ ಮಾಮಾ ಬಂದ ಮೇಲೆ ಅಕ್ಕನೇ ಮೊಬೈಲು ಅವರ ಕೈಗೆ ಕೊಟ್ಟಳು. ನಗಲು ಬಾಯಿ ತೆರೆದವರು ನಗಲಿಲ್ಲ. ತಾಯಿಯ ಮುಖವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದರು. ದೊಡ್ಡದಾದಷ್ಟೂ ಅದು ಒಡೆದು ಚೌಕ ಚೌಕವಾಯಿತು, ಆದರೆ ನೋಟ ಹಾಗೆಯೇ ಉಳಿಯಿತು. ಅವರು ದೇವರಮನೆಯ ಬಾಗಿಲಿಗೆ ಹೋಗಿ ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತರು.

"ಯವ್ವಾ, ಕಂಬದ ಬುಡದಾಗ ಏನೈತಿ?"

"ಏನೂ ಇಲ್ಲ."

"ಇದನ್ನ ನೋಡಿ ಹೇಳು."

ಮುದುಕಿ ಫೋಟೋ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡರು. ಹೊರಗೆ ಮಳೆ ಹನಿಯತೊಡಗಿತ್ತು.

"ನಿನ್ನ ಲಗ್ನದ ಮುಂದ ನಿಮ್ಮಪ್ಪ ಪರಸಿ ಹಾಸಿಸಿದ್ರು," ಎಂದರು ಮುದುಕಿ. "ಪರಸಿ ಹಾಸೂ ಗೌಂಡ್ಯಾ ಹಗೇವಕ್ಕ ಮಣ್ಣ ತುಂಬೂಣು ಅಂದ. ನಾ ಬ್ಯಾಡಂದೆ. ಅಷ್ಟ ವರ್ಷ ನಮಗ ಅನ್ನ ಕೊಟ್ಟೈತಿ, ಅದರ ಬಾಯಿಗೆ ಮಣ್ಣ ಹಾಕತಾರೇನು? ಖಾಲಿ ಮುಚ್ಚಬಾರದಂತ ಒಂದ ಸೇರ ಜ್ವಾಳ ಹಾಕಿ, ದೀಪಾ ತೋರಿಸಿ, ಕಲ್ಲ ಮುಚ್ಚಿಸಿದೆ." ಅಕ್ಕನ ಕಡೆ ತಿರುಗಿದರು. "ಅದರ ಮ್ಯಾಲ ಕುಂದರಿಸಿ ನಿನಗ ಉಡಿ ತುಂಬೀನಿ."

ಅಕ್ಕ ಮಗಳ ಮಂಚದ ಕಡೆ ನೋಡಿದಳು.

"ಗೊತ್ತಿದ್ದೂ ಹೇಳಲಿಲ್ಲಲ್ಲ ಯವ್ವಾ," ಎಂದರು ಮಾಮಾ. "ಕೂಸು ಅಲ್ಲೇ ಮಲಗತೈತಿ."

"ಹೇಳಿದ್ರ ಮಣ್ಣ ತುಂಬತಿದ್ರಿ. ಇಷ್ಟ ದಿನ ತಡದೈತಿ, ಇನ್ನೂ ತಡೀತೈತಿ ಅಂದ್ಕೊಂಡಿದ್ದೆ." ಕಂಬದ ಕಡೆ ನೋಡಿ, "ಮುಂಜಾನಿ ಆ ಸಪ್ಪಳ ಕೇಳಿದ ಮ್ಯಾಲ ತಡಿಯೂದಿಲ್ಲ ಅನಿಸಿತು," ಎಂದರು.

ಒಳಗಿದ್ದ ಒಂದೇ ಚೀಲವನ್ನು ಮಾಮಾ ತಾವೇ ಗೋಡೆಯ ಬದಿ ಹಿಡಿದು ಎಳೆದು ತಂದರು. ಹುಡುಗಿಯನ್ನು ಮೊದಲು ಇಳಿಸಿ, ಆಮೇಲೆ ಮಂಚವನ್ನು ಹಗ್ಗ ಕಟ್ಟಿ ಪಡಸಾಲೆಗೆ ಎಳೆದೆವು. ಯಾರೂ ಜೋರಾಗಿ ಹೆಜ್ಜೆ ಇಡಲಿಲ್ಲ. ಅಷ್ಟೂ ಹೊತ್ತು ಮಾಮಾ ಒಂದೇ ಒಂದು ತಮಾಷೆ ಮಾಡಲಿಲ್ಲ. ಅದೇ ನನಗೆ ಹೆಚ್ಚು ಅಂಜಿಕೆ ತಂದದ್ದು.

ಮಳೆ ಬಿಟ್ಟ ಮೇಲೆ ಆಳುಗಳು ಬಂದು ಕಂಬದ ಬುಡದ ಪರಸಿ ಎಬ್ಬಿಸಿದರು. ಬಾಯಿಗಲ್ಲು ಸರಿಸಿದಾಗ ಬಂದ ಗಾಳಿ ಹುಳಿ ವಾಸನೆಯದು. ಕೆಟ್ಟ ಗಾಳಿ ಇರುತ್ತದೆಂದು ಒಂದು ಇಡೀ ದಿನ ಹಾಗೆಯೇ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟರು. ದೀಪ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಆರಿತು. ಯಾರೂ ಇಳಿಯಬಾರದೆಂದು ಅಲ್ಲಿಗೇ ತೀರ್ಮಾನವಾಯಿತು.

ಕಾಕಾ ತಾವಾಗಿಯೇ ಮತ್ತೆ ಬಂದಿದ್ದರು, ಈ ಸಲ ಮದುವೆಯ ಮಾತೆತ್ತಲಿಲ್ಲ. ಗೋಡೆಯಿಂದ ಗೋಡೆಗೆ ಉದ್ದ ಹಲಗೆ ಹಾಕಿಸಿ, ಅದರ ಮೇಲೆ ಬೋರಲಾಗಿ ಮಲಗಿ, ಕ್ಯಾಮೆರಾವನ್ನೂ ಸಣ್ಣ ಲೈಟನ್ನೂ ಕೋಲಿಗೆ ಕಟ್ಟಿ ಒಳಗೆ ಇಳಿಬಿಟ್ಟು, ದೂರದಿಂದ ಗುಂಡಿ ಒತ್ತುತ್ತ ಫೋಟೋ ತೆಗೆದರು. ಫೋಟೋ ಒಂದಿಷ್ಟೂ ಅಲುಗಿರಲಿಲ್ಲ. ಅದು ನಾನು ನೋಡಿದ ಅವರ ಕೆಲಸಗಳಲ್ಲಿ ಎಲ್ಲಕ್ಕಿಂತ ಚೆನ್ನಾದದ್ದು. ಗಡಿಗೆಯ ಹೊಟ್ಟೆಯಂಥ ಕೆಂಪು ಗೋಡೆ, ಅದಕ್ಕೆ ಅಂಟಿದ ಹುಲ್ಲಿನ ಗುರುತು, ತಳದಲ್ಲಿ ಮಿನುಗುವ ನೀರು.

"ಎಷ್ಟ ಚಂದ ಐತಲ್ಲ," ಎಂದಳು ಅಕ್ಕನ ಮಗಳು, ತಿಳಿಯದೆ.

ಮಾಮಾ ಅದನ್ನೂ ಎರಡು ಬೆರಳಿನಿಂದ ದೊಡ್ಡದು ಮಾಡಿದರು. ಇದು ಒಡೆಯಲಿಲ್ಲ. ಎಷ್ಟು ದೊಡ್ಡದು ಮಾಡಿದರೂ ಇನ್ನಷ್ಟು ಕಾಣುತ್ತ ಹೋಯಿತು. ತಳದಲ್ಲಿ ಗುಡ್ಡೆಯಾಗಿದ್ದದ್ದು ಮೇಲಿನಿಂದ ಕಳಚಿ ಬಿದ್ದ ಮಣ್ಣಿನ ಹೆಂಟೆಗಳು. ಅವು ಕಳಚಿದ ಜಾಗದಲ್ಲಿ ಹಗೇವಿನ ನೆತ್ತಿಯ ಮಣ್ಣು ಗೇಣಿನಷ್ಟೇ ಉಳಿದಿತ್ತು, ಒಂದು ಕಡೆ ಅದೂ ಉದುರಿ ಪರಸಿಯ ಅಡಿಭಾಗ ಕಾಣುತ್ತಿತ್ತು. ಅದು ಎಲ್ಲಿ ಎಂದು ಅವರು ನೆಲದ ಮೇಲೆ ಲೆಕ್ಕ ಹಾಕಿದರು. ಮಂಚ ಇದ್ದ ಜಾಗ. ಚೀಲ ಕೆಡವಿದ ಜಾಗ. ನಾವು ಮೂವರು ನಿಂತು ನಕ್ಕ ಜಾಗ. ಕಾಕಾ ಹಲಗೆಯ ಮೇಲಿಂದ ಎದ್ದು ಹಿಂದೆ ಹಿಂದೆ ಸರಿದು ಪಡಸಾಲೆಗೆ ಹೋಗಿ ಕುಳಿತು ನೀರು ಕೇಳಿದರು.

ತುಂಬುವ ದಿನ ಮುದುಕಿ ಮಣ್ಣು ಬೇಡವೆಂದು ಮತ್ತೆ ಹಟ ಹಿಡಿದರು. ಕೊನೆಗೆ ಮರಳಿಗೆ ಒಪ್ಪಿದರು. ಮೊದಲ ಬುಟ್ಟಿ ಬೀಳುವ ಮೊದಲು, ಅಕ್ಕ ಅವರ ಸೊಂಟ ಹಿಡಿದುಕೊಂಡಿರಲು, ಹಲಗೆಯ ತುದಿಯಿಂದ ಕೈಚಾಚಿ ಒಂದು ಸೇರು ಜೋಳ ಸುರಿದರು. ಕಾಳು ನೀರಿಗೆ ಬಿದ್ದ ಸದ್ದು ಬಹಳ ತಡವಾಗಿ ಬಂತು.

ಅದಾದ ಮೇಲೆ ದಸರೆಗೆ ಹೋದಾಗ ಪಡಸಾಲೆಯ ಗೋಡೆಯ ಮೇಲೆ ಕಾಕಾನ ಫೋಟೋ ಚೌಕಟ್ಟು ಹಾಕಿ ತೂಗಿತ್ತು. ಮುದುಕಿಯೇ ಹಾಕಿಸಿದ್ದು. ಬಂದವರಿಗೆಲ್ಲ, "ನೋಡ್ರಿ, ನಮ್ಮ ಮನಿ ಹಗೇವ," ಎಂದು ತೋರಿಸುತ್ತಿದ್ದರು. ನಾನು ಒಬ್ಬನೇ ಇದ್ದಾಗ ಕರೆದು, "ಆ ಇನ್ನೊಂದ ಫೋಟೋ ಅಳಿಸಿದೇನು ತಮ್ಮಾ?" ಎಂದರು.

"ಇಲ್ಲ ಅತ್ತಿ."

"ಅದರಾಗ ನಾ ಚಲೋ ಕಾಣೂದಿಲ್ಲ."

"ಯಾರಿಗೂ ತೋರಿಸೂದಿಲ್ಲ."

ಅವರು ತಲೆಯಾಡಿಸಿ ಮತ್ತೆ ಮೊರ ಹಿಡಿದರು. ಆಗ ಕೇಳಿದೆ. ಬಂದಾಗಿನಿಂದ ಕೇಳಬೇಕೆಂದಿದ್ದದ್ದು ಅದೊಂದೇ. "ಅತ್ತಿ, ಮೂರ ಹಗೇವ ಅಂತಿದ್ರಿ. ಮೂರೂ ಹಿತ್ತಲದಾಗ ಅಂದ್ರಿ, ಒಂದು ನಡುಮನ್ಯಾಗ ಸಿಕ್ಕಿತು. ಇನ್ನ ಎರಡ ಎಲ್ಲಿ?"

ಮೊರ ನಿಲ್ಲಲಿಲ್ಲ. "ಇದ್ದದ್ದ ಒಂದೇ. ಮೂರು ಅನ್ನೂದು ದೊಡ್ಡಸ್ತಿಕಿಗೆ ಹೇಳತಿದ್ದೆ."

ಮೊಬೈಲು ನನ್ನ ಕಿಸೆಯಲ್ಲಿತ್ತು. ನಾನು ಅವರ ಕಣ್ಣು ಎಲ್ಲಿ ಹೋಗುತ್ತವೆ ಎಂದು ನೋಡುತ್ತಿದ್ದೆ. ಅವು ಹೆಸರಿನ ಮೇಲೆಯೇ ಇದ್ದವು. ಹಾಗೆ ಕಾಳಿನ ಮೇಲೆಯೇ ಇರುವುದು ಖರೇ ಹೇಳುವವರ ರೀತಿಯೋ, ಒಮ್ಮೆ ಸಿಕ್ಕಿಬಿದ್ದವರ ಎಚ್ಚರವೋ, ನನಗೆ ತಿಳಿಯಲಿಲ್ಲ.

ಹೊರಡುವಾಗ ಅಕ್ಕನಿಗೆ ಅದನ್ನು ಹೇಳಿದೆ. ಹುಡುಗಿಯ ಮಂಚ ಇನ್ನೂ ಪಡಸಾಲೆಯಲ್ಲೇ ಇತ್ತು. ನಡುಮನೆಯಲ್ಲಿ ಹೊಸ ಪರಸಿ ಹಾಸಿದ್ದರೂ ಯಾರೂ ಕುಳಿತಿರಲಿಲ್ಲ.

"ಒಂದೇ ಇತ್ತು ಅಂದ್ರೇನು?"

"ಹೂಂ."

"ಅನ್ನೂ ಮುಂದ ಫೋಟೋ ತಗದೇನು?"

"ಇಲ್ಲ."

ಅಕ್ಕ ಚಹಾದ ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಎದ್ದಳು. ಗೋಡೆಗೆ ಹತ್ತಿಕೊಂಡು, ಮೂಲೆ ತಿರುಗಿ, ಚೌಕಟ್ಟು ಹಿಡಿದು ಅಡುಗೆಮನೆಗೆ ಹೋದಳು.